ನಾಯಿ ಇಲಿ ಪಾಷಾಣ ತಿಂದಿದೆ, ಉಪ್ಪುನೀರು ಕುಡಿಸಲಾ?

ಪ್ರಶ್ನೆ: "ಡಾಕ್ಟ್ರೇ, ನಮ್ಮ ನಾಯಿ ಇಲಿ ಪಾಷಾಣದ ಬಿಲ್ಲೆ ತಿಂದುಬಿಟ್ಟಿದೆ. ನೋಡೋಕೆ ಚೆನ್ನಾಗೇ ಇದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ರೆ ಸಾಕಾ, ಆಸ್ಪತ್ರೆಗೆ ತರಲೇಬೇಕಾ?"

ತರಲೇಬೇಕು, ಈಗಲೇ. ಪಾಷಾಣದ ಪೊಟ್ಟಣವನ್ನೂ ತನ್ನಿ, ಹರಿದಿದ್ದರೂ ಪರವಾಗಿಲ್ಲ. ಉಪ್ಪುನೀರು ಮಾತ್ರ ಬೇಡ.

ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಪಕ್ಕದ ಮನೆಯವರು ಹೇಳಿದರು, ಅಜ್ಜಿ ಹೇಳಿದರು ಅಂತ ಕುಡಿಸಿಕೊಂಡೇ ಬರುತ್ತಾರೆ. ಸ್ವಲ್ಪ ಲೆಕ್ಕ ಹಾಕಿ. ಒಂದು ಟೀ ಚಮಚ ಉಪ್ಪು ಸುಮಾರು 6 ಗ್ರಾಂ. ನಾಯಿಯ ತೂಕದಲ್ಲಿ ಕಿಲೋಗೆ 2 ಗ್ರಾಂ ಉಪ್ಪು ಹೊಟ್ಟೆಗೆ ಹೋದರೆ ತೊಂದರೆ ಶುರು, 4 ಗ್ರಾಂ ಆದರೆ ಜೀವವೇ ಹೋಗಬಹುದು. 5 ಕಿಲೋದ ಪೊಮೇರಿಯನ್‌ಗೆ ಎರಡು ಚಮಚ ಕುಡಿಸಿದರೆ 12 ಗ್ರಾಂ, ಅಲ್ಲಿಗೇ ತೊಂದರೆಯ ಗೆರೆ ದಾಟಿತು. ವಾಂತಿ ಆಗಲಿಲ್ಲ ಅಂತ ಇನ್ನೆರಡು ಚಮಚ ಕುಡಿಸಿದರೆ 24 ಗ್ರಾಂ. ಪಾಷಾಣಕ್ಕಿಂತ ಮೊದಲು ಉಪ್ಪೇ ಕೊಲ್ಲುತ್ತದೆ.

ವಾಂತಿ ಆಗದಿದ್ದರೆ ಆ ಉಪ್ಪೆಲ್ಲ ರಕ್ತಕ್ಕೆ ಸೇರುತ್ತದೆ. ಮೆದುಳಿನ ಜೀವಕೋಶಗಳಲ್ಲಿರುವ ನೀರನ್ನು ಹೊರಗೆ ಎಳೆಯುತ್ತದೆ. ಆಮೇಲೆ ನಡುಕ, ಫಿಟ್ಸ್. ರಕ್ತದಲ್ಲಿ ಏರಿದ ಸೋಡಿಯಂ, ಅಂದರೆ ಉಪ್ಪಿನ ಅಂಶವನ್ನು ಬೇಗ ಇಳಿಸೋಣ ಅಂದರೆ ಮೆದುಳು ಊದಿಕೊಳ್ಳುವ ಅಪಾಯವಿದೆ, ಹಾಗಾಗಿ ಡ್ರಿಪ್ ಹಾಕಿ, ಮತ್ತೆ ಮತ್ತೆ ರಕ್ತ ಪರೀಕ್ಷೆ ಮಾಡುತ್ತಾ ನಿಧಾನವಾಗಿ ಇಳಿಸಬೇಕು. ಬಾಯಿ ಹಿಡಿದು ಸುರಿದ ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಬೇರೆ.

ನಮ್ಮ ಹತ್ತಿರ ಅಪೋಮಾರ್ಫಿನ್ ಅನ್ನುವ ಇಂಜೆಕ್ಷನ್ ಇದೆ. ಕೊಟ್ಟ ಕೆಲವೇ ನಿಮಿಷದಲ್ಲಿ ನಾಯಿ ವಾಂತಿ ಮಾಡುತ್ತದೆ. ಆದರೆ ತಿಂದ ಎರಡು ಗಂಟೆಯೊಳಗೆ ಬಂದರೆ ಜಾಸ್ತಿ ಪ್ರಯೋಜನ. ಅಡುಗೆಮನೆಯಲ್ಲಿ ಉಪ್ಪು ಕರಗಿಸುತ್ತಾ ಕಳೆಯುವುದು ಇದೇ ಹೊತ್ತನ್ನು.

"ನೋಡೋಕೆ ಚೆನ್ನಾಗೇ ಇದೆ" ಅಂತ ಬರೆದಿದ್ದೀರಿ. ಇರುತ್ತದೆ. ಬ್ರೊಮಾಡಿಯೊಲೋನ್ ಅನ್ನುವ ಇಲಿ ಪಾಷಾಣದ ಬಿಲ್ಲೆ ತಿಂದ ನಾಯಿ ಮೂರ್ನಾಲ್ಕು ದಿನ ಆಡಿಕೊಂಡೇ ಇರುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ಲಿವರ್ ವಿಟಮಿನ್ ಕೆ ಬಳಸಿ ತಯಾರಿಸುತ್ತದೆ, ಈ ವಿಷ ಅದನ್ನು ತಡೆಯುತ್ತದೆ. ಇರುವ ದಾಸ್ತಾನು ಖಾಲಿಯಾದ ಮೇಲೆ ಒಳಗೊಳಗೇ ರಕ್ತ ಸೋರುತ್ತದೆ. ಬೇಗ ತಂದರೆ ವಿಟಮಿನ್ ಕೆ1 ಮಾತ್ರೆಯಲ್ಲೇ ಉಳಿಸಬಹುದು. ನಾಲ್ಕು ವಾರದವರೆಗೂ ಕೊಡಬೇಕಾಗುತ್ತದೆ, ಚುರುಕಾಯಿತು ಅಂತ ನಡುವೆ ನಿಲ್ಲಿಸಬೇಡಿ.

ಕಪ್ಪು ಪುಡಿ, ಅಂದರೆ ಜಿಂಕ್ ಫಾಸ್ಫೈಡ್ ತಿಂದಿದ್ದರೆ ಇಷ್ಟು ಸಮಯ ಸಿಗುವುದಿಲ್ಲ. ಹೊಟ್ಟೆಯ ಆಸಿಡ್ ತಾಗಿದರೆ ಅದು ವಿಷಾನಿಲ ಆಗುತ್ತದೆ, ಅದಕ್ಕೆ ಪ್ರತಿವಿಷ ಇಲ್ಲ. ಅನ್ನ, ಬಿಸ್ಕತ್ತು ಏನೂ ಹಾಕಬೇಡಿ, ತಿಂದರೆ ಆಸಿಡ್ ಜಾಸ್ತಿ ಆಗುತ್ತದೆ. ದಾರಿಯಲ್ಲಿ ಕಾರಿನ ಕಿಟಕಿ ತೆರೆದಿಡಿ. ನಾಯಿ ವಾಂತಿ ಮಾಡಿದರೆ ಆ ಗಾಳಿ ನಿಮಗೂ ಅಪಾಯ.

ಬಿಲ್ಲೆ ತಿಂದ ಒಂದು ಲ್ಯಾಬ್ರಡಾರ್ ನನ್ನ ಹತ್ತಿರ ಬಂದದ್ದು ಐದನೇ ದಿನ. ಒಸಡು ಬಿಳುಚಿತ್ತು, ಎದೆಯೊಳಗೆ ರಕ್ತ ತುಂಬಿ ಉಸಿರಿಗೆ ಒದ್ದಾಡುತ್ತಿತ್ತು. ಆಗ ಮಾತ್ರೆ ಸಾಲದು, ವಿಟಮಿನ್ ಕೆ ಕೆಲಸ ಶುರುಮಾಡಲು ಗಂಟೆಗಟ್ಟಲೆ ಬೇಕು. ಆಕ್ಸಿಜನ್ ಹಾಕಿ, ರಕ್ತಕ್ಕಾಗಿ ಫೋನ್ ಮೇಲೆ ಫೋನ್ ಮಾಡಿದೆವು. ಕೊನೆಗೆ ಎದುರು ಬೀದಿಯ ಜರ್ಮನ್ ಶೆಫರ್ಡ್ ಬಂದು ರಕ್ತ ಕೊಟ್ಟಿತು. ಲ್ಯಾಬ್ರಡಾರ್ ಉಳಿಯಿತು.

ಹೌದು, ನಾಯಿಗೆ ನಾಯಿಯೇ ರಕ್ತ ಕೊಡಬೇಕು. ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. 25 ಕಿಲೋಗಿಂತ ಜಾಸ್ತಿ ತೂಕದ, ಒಂದರಿಂದ ಎಂಟು ವರ್ಷದ, ಲಸಿಕೆ ಹಾಕಿಸಿದ, ಟಿಕ್ ಫೀವರ್ (ಉಣ್ಣೆ ಕಚ್ಚಿ ಬರುವ ಜ್ವರ) ಇಲ್ಲದ ನಾಯಿ ಒಂದು ಸಲಕ್ಕೆ ಸುಮಾರು 450 ಮಿಲಿ ಕೊಡಬಲ್ಲದು. ನಾಯಿಗಳಲ್ಲಿ ಮೊದಲ ಸಲ ರಕ್ತ ಕೊಡುವಾಗ ಗುಂಪು ಹೊಂದದಿದ್ದರೂ ಸಾಮಾನ್ಯವಾಗಿ ದೊಡ್ಡ ತೊಂದರೆ ಆಗುವುದಿಲ್ಲ. ಬೆಕ್ಕುಗಳಲ್ಲಿ ಹಾಗಲ್ಲ, ಮೊದಲ ಸಲವೇ ಗುಂಪು ನೋಡಲೇಬೇಕು. ನಿಮ್ಮ ಮನೆಯಲ್ಲಿ ಅಂಥ ಗಟ್ಟಿಮುಟ್ಟಾದ ನಾಯಿ ಇದ್ದರೆ, ಮುಂದಿನ ಲಸಿಕೆಗೆ ಹೋದಾಗ ನಿಮ್ಮ ಡಾಕ್ಟರ ಹತ್ತಿರ ಅದರ ಹೆಸರು, ನಿಮ್ಮ ಫೋನ್ ನಂಬರ್ ಬರೆಸಿ ಬನ್ನಿ.