ಫ್ರಿಜ್‌ನ ಬೆನ್ನು ನೋಡಿದ್ದೀರಾ?

ಚಿಕ್ಕವರಿದ್ದಾಗ ಮಳೆಗಾಲದಲ್ಲಿ ನಮ್ಮ ಕಾಲುಚೀಲ ಒಣಗುತ್ತಿದ್ದುದು ಫ್ರಿಜ್‌ನ ಬೆನ್ನಿನ ಮೇಲೆ. ಅಲ್ಲೊಂದು ಕಪ್ಪು ತಂತಿ ಜಾಲರಿ ಇತ್ತು, ಯಾವಾಗಲೂ ಬೆಚ್ಚಗೆ. ಅದೇ ಕಂಡೆನ್ಸರ್, ಒಳಗಿನ ಬಿಸಿಯನ್ನು ಹೊರಗೆ ಬಿಡುವ ಭಾಗ. ಫ್ರಿಜ್ ತಂಪನ್ನು ತಯಾರಿಸುವುದಿಲ್ಲ. ಹಾಲು, ಮೊಸರು, ನಿನ್ನೆಯ ಸಾರಿನಲ್ಲಿರುವ ಬಿಸಿಯನ್ನು ಹೊತ್ತು ತಂದು ಅಡುಗೆಮನೆಗೆ ಬಿಡುತ್ತದೆ, ಅಷ್ಟೇ. ಕೊಳವೆಯೊಳಗಿನ ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು, ಅಂದರೆ ಕಂಪ್ರೆಸರ್, ತಿನ್ನುವ ಕರೆಂಟೂ ಕೊನೆಗೆ ಬಿಸಿಯಾಗಿ ಅಲ್ಲಿಗೇ ಬರುತ್ತದೆ.

ಈಗ ಲಕ್ಷ ದಾಟಿದ ಫ್ರಿಜ್ ನೋಡಲು ಶೋರೂಮಿಗೆ ಹೋದರೆ ಆ ಜಾಲರಿ ಕಾಣುವುದಿಲ್ಲ. ಎಷ್ಟೋ ಮಾಡೆಲ್‌ಗಳಲ್ಲಿ ಕಂಡೆನ್ಸರ್ ಕೊಳವೆಯನ್ನು ಪಕ್ಕದ ತಗಡಿನ ಒಳಮೈಗೆ ಅಂಟಿಸಿ, ಮೇಲೆ ಫೋಮ್ ತುಂಬಿರುತ್ತಾರೆ. ಫ್ರಿಜ್ ಓಡುತ್ತಿರುವಾಗ ಪಕ್ಕಕ್ಕೆ ಅಂಗೈ ಇಟ್ಟು ನೋಡಿ, ಬೆಚ್ಚಗೆ ತಾಗುತ್ತದೆ. ನೋಡಲು ನೀಟು, ಧೂಳೂ ಕೂರುವುದಿಲ್ಲ. ಆದರೆ ಒಳಗಿನ ಕೊಳವೆ ತೂತಾಗಿ ಗ್ಯಾಸ್ ಲೀಕ್ ಆದರೆ? ಹಳೆಯದರಲ್ಲಾದರೆ ಮೆಕ್ಯಾನಿಕ್ ಹಿಂದೆ ಕೂತು ಬೆಸುಗೆ ಹಾಕಿ, ಗ್ಯಾಸ್ ತುಂಬಿಸಿ ಹೋಗುತ್ತಿದ್ದ. ಇಲ್ಲಿ ತೂತು ಎಲ್ಲಿದೆ ಅಂತ ನೋಡಲೂ ಫೋಮ್ ಅಡ್ಡ.

1927ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 'ಮಾನಿಟರ್ ಟಾಪ್' ಎಂಬ ಫ್ರಿಜ್ ತಂದಿತು. ನೋಡಲು ಬೀರುವಿನ ತಲೆ ಮೇಲೆ ಡಬ್ಬಿ ಇಟ್ಟ ಹಾಗಿತ್ತು. ಮೋಟರು, ಕಂಪ್ರೆಸರು, ಎಣ್ಣೆ ಎಲ್ಲವನ್ನೂ ಒಂದೇ ಉಕ್ಕಿನ ಚಿಪ್ಪಿನಲ್ಲಿ ಮುಚ್ಚಿ ಬೆಸುಗೆ ಹಾಕಿದ್ದರು. ಬಿಸಿ ತಲೆಯ ಮೇಲಿಂದಲೇ ಗಾಳಿಗೆ ಹೋಗುತ್ತಿತ್ತು. ಹಳೆ ಸಾಮಾನು ಕೂಡಿಡುವವರ ಮನೆಗಳಲ್ಲಿ ಕೆಲವು ಇವತ್ತಿಗೂ ಓಡುತ್ತಿವೆ.

ಅದೇ ಕಂಪನಿ 1986ರಲ್ಲಿ ಹೊಸ ರೋಟರಿ ಕಂಪ್ರೆಸರ್ ತಂದಿತು. ಚಿಕ್ಕದು, ಬಿಡಿಭಾಗಗಳು ಕಡಿಮೆ. ಆದರೆ ಹಳೆಯದಕ್ಕಿಂತ ಬಿಸಿಯಾಗಿ ಓಡುತ್ತಿತ್ತು, ಒಳಗಿನ ಭಾಗಗಳು ಬೇಗ ಸವೆದವು. ಹತ್ತು ಲಕ್ಷಕ್ಕೂ ಹೆಚ್ಚು ಕಂಪ್ರೆಸರ್ ಬದಲಿಸಬೇಕಾಯಿತು. ಇದಕ್ಕಾಗಿ ಕಂಪನಿ 1988ರ ಲೆಕ್ಕದಲ್ಲಿ 45 ಕೋಟಿ ಡಾಲರ್ ಖರ್ಚು ಬರೆದುಕೊಂಡಿತು. ಹೊರಗಿನಿಂದ ನೋಡಿದ ಗಿರಾಕಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಹಾಗಂತ ಚೆಂದದ್ದು ಬೇಡವೇ ಬೇಡ ಅನ್ನುವವನಲ್ಲ ನಾನು. ದಿನಾ ಕಣ್ಣೆದುರು ಇರುವ ವಸ್ತು ಅಲ್ವಾ! ನನ್ನ ತಕರಾರಿರುವುದು ಬಾಗಿಲಲ್ಲೇ ನೀರು, ಐಸು, ಟಚ್ ಸ್ಕ್ರೀನ್ ಬರುವ ಮಾಡೆಲ್‌ಗಳ ಬಗ್ಗೆ. ಒಂದೊಂದಕ್ಕೂ ವಾಲ್ವು, ಪೈಪು, ಎಲೆಕ್ಟ್ರಾನಿಕ್ ಬೋರ್ಡು ಬೇಕು. ಬಾಗಿಲ ಮೇಲೆ 10 ವರ್ಷ ವಾರಂಟಿ ಅಂತ ದೊಡ್ಡದಾಗಿ ಅಂಟಿಸಿದ್ದರೆ ಕೆಳಗಿನ ಸಣ್ಣ ಅಕ್ಷರವನ್ನೂ ಓದಿ. ಸಾಮಾನ್ಯವಾಗಿ ಅದು ಕಂಪ್ರೆಸರ್‌ಗೆ ಮಾತ್ರ. ಬೋರ್ಡ್ ಹೋದರೆ ದುಡ್ಡು ನಿಮ್ಮದೇ.

ನಮ್ಮ ಅಡುಗೆಮನೆ ಮಾಡಿಸುವಾಗ ಫ್ರಿಜ್‌ನ ಎರಡೂ ಬದಿ ಎರಡೆರಡು ಇಂಚು ಬಿಡಲು ಬಡಗಿಗೆ ಹೇಳಿದೆ. "ಗ್ಯಾಪ್ ಚೆನ್ನಾಗಿ ಕಾಣಲ್ಲ ಸಾರ್" ಅಂದ. ಆದರೂ ಬಿಡಿಸಿದೆ. ಈಗ ಆ ಸಂದಿಗೆ ಮನೆಯವರು ಪ್ಲಾಸ್ಟಿಕ್ ಕವರ್ ತುರುಕುತ್ತಾರೆ, ನಾನು ವಾರಕ್ಕೊಮ್ಮೆ ಎಳೆದು ತೆಗೆಯುತ್ತೇನೆ.