ಕ್ರಾಸಿನೊಳಗಿನ ಕೆಂಪು ಪುಡಿ

ಹೊಸನಗರ ತಾಲ್ಲೂಕಿನ ನಿಟ್ಟೂರಿನಾಚೆ, ಕೊಡಚಾದ್ರಿಯ ತಪ್ಪಲಿನಲ್ಲಿ ಪರಿಚಯದವರೊಬ್ಬರ ಅಡಿಕೆ ತೋಟವಿದೆ. ಕಳೆದ ನವೆಂಬರಿನ ಒಂದು ಬೆಳಿಗ್ಗೆ ನನ್ನ ಹಳೆಯ ಡೀಸೆಲ್ ಜೀಪಿನಲ್ಲಿ ಒಬ್ಬನೇ ಅಲ್ಲಿಗೆ ಹೊರಟಿದ್ದೆ. ಹಳ್ಳವೊಂದನ್ನು ದಾಟಿ ಜಂಬಿಟ್ಟಿಗೆ ಕಲ್ಲಿನ ಮೆಟ್ಟಿಲು ಮೆಟ್ಟಿಲಾದ ಏರನ್ನು ಹತ್ತುವಾಗ ಹಿಂದಿನ ಒಂದು ಚಕ್ರ ಗಾಳಿಯಲ್ಲಿ ಗಿರ್ರನೆ ಸುತ್ತಿ ಮತ್ತೆ ಕಲ್ಲನ್ನು ಕಚ್ಚಿತು. ಅದೇ ಕ್ಷಣ ಕಾಲಡಿಯಲ್ಲಿ 'ಢಂ' ಎಂದು ಸದ್ದಾಗಿ, ಕಬ್ಬಿಣಕ್ಕೆ ಕಬ್ಬಿಣ ಬಡಿಯತೊಡಗಿತು. ಎಂಜಿನ್ ಓಡುತ್ತಲೇ ಇತ್ತು, ಮುಂದಿನ ಚಕ್ರಗಳು ಜಲ್ಲಿಯನ್ನು ಕೆದರುತ್ತಿದ್ದವು, ಹಿಂದಿನವು ಮಾತ್ರ ತಮಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಸುಮ್ಮನಿದ್ದವು.

ಗೇರ್ ಬಾಕ್ಸಿನಿಂದ ಹಿಂದಿನ ಅಚ್ಚಿನ ಹೌಸಿಂಗಿಗೆ ಶಕ್ತಿಯನ್ನು ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಮುರಿದಿತ್ತು. ಮೆಕ್ಯಾನಿಕ್‌ಗಳು ಕ್ರಾಸ್ ಎಂದು ಕರೆಯುವ ಈ ಭಾಗ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಅಧಿಕ ಚಿಹ್ನೆಯ ಆಕಾರದ ಉಕ್ಕಿನ ತುಂಡು. ಗೇರ್ ಬಾಕ್ಸ್ ಚಾಸಿಗೆ ಬಿಗಿದು ಕೂತಿರುತ್ತದೆ, ಹೌಸಿಂಗಾದರೋ ಪಟ್ಟಿ ಸ್ಪ್ರಿಂಗುಗಳ ಜೊತೆ ಏರಿಳಿಯುತ್ತಿರುತ್ತದೆ. ಹೀಗೆ ಒಂದು ತುದಿ ಸ್ಥಿರವಾಗಿ ಇನ್ನೊಂದು ತುದಿ ಕುಣಿಯುತ್ತಿರುವಾಗಲೂ ತಿರುಗುವಿಕೆ ತಡೆಯಿಲ್ಲದೆ ದಾಟಬೇಕಾದರೆ ನಡುವೆ ಮಣಿಯುವ ಗೆಣ್ಣು ಬೇಕು. ಶಾಫ್ಟಿನ ಎರಡೂ ತುದಿಗಳಲ್ಲಿರುವ ಕ್ರಾಸುಗಳು ಆ ಗೆಣ್ಣುಗಳು. ಪ್ರತಿ ಕ್ರಾಸಿನ ನಾಲ್ಕು ತೋಳುಗಳಿಗೂ ಟೋಪಿಯಂತಹ ಒಂದೊಂದು ಕಪ್, ಕಪ್ಪಿನೊಳಗೆ ಸುತ್ತಲೂ ನಿಲ್ಲಿಸಿದ ಸೂಜಿಯಂತಹ ಉಕ್ಕಿನ ಕಡ್ಡಿಗಳು, ಅವುಗಳ ನಡುವೆ ಗ್ರೀಸ್.

ಈ ಗೆಣ್ಣಿಗೆ ಒಂದು ವಿಚಿತ್ರ ಗುಣವಿದೆ. ಬಾಗಿದ ಸ್ಥಿತಿಯಲ್ಲಿ ತಿರುಗುವಾಗ ಒಂದು ಕಡೆಯ ವೇಗ ಏಕಪ್ರಕಾರವಾಗಿದ್ದರೂ ಇನ್ನೊಂದು ಕಡೆಯದು ಹಾಗಿರುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಬಾರಿ ಮುಂದೋಡಿ ಎರಡು ಬಾರಿ ಹಿಂದುಳಿಯುತ್ತದೆ. 15 ಡಿಗ್ರಿ ಬಾಗಿದ್ದರೆ ಈ ಏರುಪೇರು ಎರಡೂ ಬದಿಗೆ ಸುಮಾರು ಶೇ 3.5, 30 ಡಿಗ್ರಿಯಾದರೆ ಶೇ 13ರಷ್ಟು ನಿಧಾನ, ಶೇ 15ರಷ್ಟು ಜೋರು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಈ ಗೆಣ್ಣಿನ ಏರುಪೇರನ್ನು ಗಮನಿಸಿ ಬರೆದಿದ್ದ. ಒಂದು ತುದಿಯ ಕ್ರಾಸು ಮಾಡಿದ ತಪ್ಪನ್ನು ಇನ್ನೊಂದು ತುದಿಯದು ತದ್ವಿರುದ್ಧವಾಗಿ ಮಾಡಿ ಸರಿದೂಗಿಸುವಂತೆ ಎರಡನ್ನೂ ಜೋಡಿಸುತ್ತಾರೆ. ಶಾಫ್ಟನ್ನು ಬಿಚ್ಚಿ ಮತ್ತೆ ಕೂಡಿಸುವಾಗ ಅದರ ಉದ್ದ ಹಿಗ್ಗಿ ಕುಗ್ಗಲೆಂದು ನಡುವೆ ಇರುವ ಜಾರುವ ಹಲ್ಲುಗಳಲ್ಲಿ ಒಂದೆರಡು ಹಲ್ಲು ಆಚೀಚೆಯಾದರೂ ಗಾಡಿ ನಡುಗುವುದಕ್ಕೆ ಇದೇ ಕಾರಣ. ಬಿಚ್ಚುವ ಮೊದಲು ಸೀಮೆಸುಣ್ಣದ ಒಂದು ಗೆರೆ ಎಳೆದುಕೊಳ್ಳದೆ ಆಮೇಲೆ ಚಕ್ರದ ಬ್ಯಾಲೆನ್ಸಿಂಗಿಗೆ ದುಡ್ಡು ಸುರಿದವರನ್ನು ನಾನು ಕಂಡಿದ್ದೇನೆ.

ಇಷ್ಟು ಪುಟ್ಟ ತುಂಡಿನ ಮೇಲೆ ಬೀಳುವ ಭಾರ ಎಷ್ಟು? ಎಂಜಿನ್ 120 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಚುವ ಬಲ, ಕೊಡುತ್ತಿದೆ ಎಂದಿಟ್ಟುಕೊಳ್ಳೋಣ. ಮೊದಲ ಗೇರ್ ಅದನ್ನು ಹೆಚ್ಚುಕಡಿಮೆ ನಾಲ್ಕು ಪಟ್ಟು ಮಾಡುತ್ತದೆ, ಕಡಿದಾದ ಏರಿಗೆಂದು ಬೇರೆಯೇ ಇರುವ ಲೋ ಗೇರ್ ಮತ್ತೆ ಎರಡೂವರೆ ಪಟ್ಟು. ಅಲ್ಲಿಗೆ 1,200 ನ್ಯೂಟನ್ ಮೀಟರ್. ಎದುರುಬದುರಿನ ಎರಡು ಕಪ್ಪುಗಳ ನಡುವೆ 6 ಸೆಂಟಿಮೀಟರ್ ಅಂತರವಿದ್ದರೆ ಪ್ರತಿಯೊಂದರ ಮೇಲೂ 20,000 ನ್ಯೂಟನ್, ಅಂದರೆ ಸುಮಾರು 2 ಟನ್ ತೂಕದಷ್ಟು ಒತ್ತಡ. ಮುಂದಿನ ಚಕ್ರಗಳಿಗೂ ಹಿಡಿತವಿದ್ದಾಗ ಈ ಹೊರೆ ಎರಡು ಶಾಫ್ಟುಗಳಿಗೆ ಹಂಚಿಹೋಗುತ್ತದೆ, ಇಲ್ಲದಿದ್ದರೆ ಪೂರ್ತಿ ಒಂದರ ಮೇಲೇ ಬೀಳುತ್ತದೆ. ಗಾಳಿಯಲ್ಲಿ ಸುತ್ತುತ್ತಿದ್ದ ಚಕ್ರ ಒಮ್ಮೆಲೇ ಕಲ್ಲನ್ನು ಕಚ್ಚಿದಾಗಲಂತೂ ಸುತ್ತುತ್ತಿದ್ದ ಭಾಗಗಳೆಲ್ಲದರ ವೇಗ ಕ್ಷಣಮಾತ್ರದಲ್ಲಿ ಕುಸಿಯಬೇಕಾಗಿ, ಆ ಹೊಡೆತ ಈ ಲೆಕ್ಕವನ್ನೂ ಮೀರುತ್ತದೆ. ಹಾಗೆಂದು ಮುರಿದದ್ದಕ್ಕೆ ಆ ಕಲ್ಲನ್ನು ದೂರುವಂತಿಲ್ಲ. ಇಂತಹ ನೂರಾರು ಹೊಡೆತಗಳನ್ನು ಅದೇ ಕ್ರಾಸ್ ತಿಂದು ಅರಗಿಸಿಕೊಂಡಿತ್ತು.

ಒಬ್ಬನೇ ಇರುವಾಗ ಗಾಡಿಯ ಅಡಿಗೆ ತೂರುವ ಮುನ್ನ ಯೋಚಿಸಬೇಕಾದ ಸಂಗತಿ ಬೇರೊಂದಿದೆ. ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರದಲ್ಲಿರುವುದಿಲ್ಲ. ಲೋ ಗೇರ್ ಡಬ್ಬಿಯ ಹಿಂಬದಿಯಲ್ಲಿ, ಹಿಂದಿನ ಶಾಫ್ಟ್ ಹೊರಡುವ ಜಾಗದಲ್ಲಿ ಒಂದೇ ಒಂದು ಡ್ರಮ್ಮಿನ ಮೇಲಿರುತ್ತದೆ. ಆ ಶಾಫ್ಟೇ ಕಳಚಿದ ಮೇಲೆ ಹ್ಯಾಂಡ್ ಬ್ರೇಕ್ ಎಷ್ಟೇ ಎಳೆದರೂ ಹಿಂದಿನ ಚಕ್ರಗಳಿಗೆ ಅದರ ಹಿಡಿತ ತಲುಪುವುದಿಲ್ಲ. ಫೋರ್ ವೀಲ್ ಲಿವರ್ ಹಾಕಿಯೇ ಇದ್ದುದರಿಂದ ಮುಂದಿನ ಶಾಫ್ಟಿನ ಮೂಲಕ ಮುಂದಿನ ಚಕ್ರಗಳು ಹಿಡಿದಿದ್ದವು, ಅಷ್ಟೇ. 'ಇನ್ನು ಇದರಿಂದೇನು ಪ್ರಯೋಜನ' ಎಂದು ಆ ಲಿವರನ್ನು ನಾನು ತೆಗೆದುಬಿಟ್ಟಿದ್ದರೆ ಜೀಪು ಹಿಮ್ಮುಖವಾಗಿ ಹಳ್ಳಕ್ಕಿಳಿಯುತ್ತಿತ್ತು. ನಾಲ್ಕೂ ಚಕ್ರಗಳಿಗೆ ಕಲ್ಲು ಕೊಟ್ಟು, ಕಲ್ಲುಗಳನ್ನು ಕಾಲಿನಿಂದ ಒದ್ದು ನೋಡಿ, ಆಮೇಲೆ ಒಳಗೆ ತೂರಿದೆ.

ಬಿಚ್ಚಿದ್ದು ಎಂಟು ಬೋಲ್ಟು. ಶಾಫ್ಟನ್ನು ಹೊರಗೆಳೆದು ಮುರಿದ ಕ್ರಾಸನ್ನು ಚೀಲದ ಮೇಲಿಟ್ಟು ನೋಡಿದಾಗ ಒಂದು ಕಪ್ಪಿನಲ್ಲಿ ಒಂಬತ್ತೇ ಸೂಜಿಗಳು ಉಳಿದಿದ್ದವು. ಅವೂ ತುದಿಯಲ್ಲಿ ಸವೆದು ಹಲ್ಲುಕಡ್ಡಿಯಂತಾಗಿದ್ದವು. ತೋಳಿನ ನುಣುಪು ಮೈಮೇಲೆ ಬಾಚಣಿಗೆಯನ್ನು ಒತ್ತಿ ತೆಗೆದಂತೆ ಸಮದೂರದ ಗೀರುಗಳಿದ್ದವು. ಗ್ರೀಸ್ ಇರಬೇಕಾದ ಜಾಗದಲ್ಲಿ ಒಣಗಿದ ಕೆಂಪು ಪುಡಿ. ಬೆರಳಿಗೆ ಮೆತ್ತಿಕೊಂಡರೆ ಕುಂಕುಮಕ್ಕಿಂತ ಕಂದು, ಕಾಚಿಗಿಂತ ಕೆಂಪು.

ಆ ಗೀರುಗಳಿಗೂ ಪುಡಿಗೂ ಮೂಲ ಒಂದೇ. ಚಕ್ರದ ಬೇರಿಂಗಿನಂತೆ ಈ ಸೂಜಿಗಳು ಪೂರ್ತಿ ಸುತ್ತು ಹೊಡೆಯುವುದಿಲ್ಲ. ಶಾಫ್ಟ್ ಎಷ್ಟು ಡಿಗ್ರಿ ಬಾಗಿದೆಯೋ ಅಷ್ಟರ ಮಟ್ಟಿಗೆ ಅತ್ತಿತ್ತ ತೂಗಾಡುತ್ತವೆ. ಹೀಗಾಗಿ ಒಂದು ಸೂಜಿಯ ಭಾರವೆಲ್ಲ ಸದಾ ತೋಳಿನ ಅದೇ ಗೆರೆಯ ಮೇಲೆ ಬೀಳುತ್ತದೆ, ಅಲ್ಲಿಂದ ಒತ್ತಿ ಹೋದ ಗ್ರೀಸ್ ಸುಲಭವಾಗಿ ಮರಳುವುದಿಲ್ಲ. ಗ್ರೀಸ್ ಎಂದರೆ ಸಾಬೂನಿನ ನಾರುಗಳ ಬಲೆಯಲ್ಲಿ ಹಿಡಿದಿಟ್ಟ ಎಣ್ಣೆ. ನೀರು ಸೇರಿದರೆ ಆ ಬಲೆ ಸಡಿಲಗೊಂಡು ಎಣ್ಣೆ ಕೈಬಿಡುತ್ತದೆ. ನೀರು ಒಳಹೋಗುವ ಬಗೆಯೂ ಸ್ವಾರಸ್ಯಕರ. ಏರಿನಲ್ಲಿ ದುಡಿದು 60 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾದ ಲೋಹ 22 ಡಿಗ್ರಿಯ ಹಳ್ಳದ ನೀರಿನಲ್ಲಿ ಮುಳುಗಿದರೆ ಒಳಗೆ ಸಿಕ್ಕಿಕೊಂಡ ಗಾಳಿಯ ಒತ್ತಡ ಶೇ 11ರಷ್ಟು ಇಳಿಯುತ್ತದೆ. ವಯಸ್ಸಾಗಿ ಬಿರುಸಾದ ರಬ್ಬರ್ ಸೀಲಿನ ಸಂದಿಯಿಂದ ಕಪ್ ತಾನಾಗಿಯೇ ನೀರನ್ನು ಹೀರಿಕೊಳ್ಳುತ್ತದೆ. ನಾನು ಆ ಮಳೆಗಾಲದಲ್ಲಿ ದಾಟಿದ ಹಳ್ಳಗಳಿಗೆ ಲೆಕ್ಕವಿರಲಿಲ್ಲ, ಹಿಡಿದ ಗ್ರೀಸ್ ಗನ್ನಿಗೆ ಮಾತ್ರ ಸರಿಯಾದ ಲೆಕ್ಕವಿತ್ತು: ಒಂದು ಸಲ.

ಇನ್ನು ಆ ಪುಡಿ. ಗ್ರೀಸ್ ಇಲ್ಲದ ಕಡೆ ಉಕ್ಕಿಗೆ ಉಕ್ಕು ಉಜ್ಜಿ ಕಣ್ಣಿಗೆ ಕಾಣದ ಚೂರುಗಳು ಏಳುತ್ತವೆ. ಗಾಳಿ ಮತ್ತು ತೇವ ತಗಲಿ ಅವು ಐರನ್ ಆಕ್ಸೈಡ್ ಆಗುತ್ತವೆ, ಹೆಚ್ಚಾಗಿ ಹೆಮಟೈಟ್. ಕನ್ನಡಿ, ಆಭರಣಗಳನ್ನು ಹೊಳಪಿಸಲು ಬಳಸುವ ಕೆಂಪು ಪುಡಿಯೂ ಇದೇ ವಸ್ತು. ಹಾಗಾಗಿ ಕ್ರಾಸಿನೊಳಗೆ ಹುಟ್ಟಿದ ಪುಡಿ ಅಲ್ಲಿ ಸುಮ್ಮನಿರದೆ ತಾನೇ ಉಜ್ಜುವ ಕೆಲಸಕ್ಕೆ ನಿಲ್ಲುತ್ತದೆ. ಹೆಚ್ಚು ಪುಡಿಯಾದಷ್ಟೂ ಹೆಚ್ಚು ಸವೆತ, ಹೆಚ್ಚು ಸವೆದಷ್ಟೂ ಹೆಚ್ಚು ಪುಡಿ. ಕೊಡಚಾದ್ರಿಯ ಮೇಲೆ ಮೂಲ ಮೂಕಾಂಬಿಕೆಯ ಗುಡಿಯೆದುರು ನಿಂತಿರುವ ಹಳೆಯ ಕಬ್ಬಿಣದ ಸ್ತಂಭ ಎಷ್ಟೋ ಮಳೆಗಾಲಗಳನ್ನು ತಲೆಯ ಮೇಲೆ ಸುರಿಸಿಕೊಂಡೂ ಉಳಿದಿದೆಯಲ್ಲ ಎಂದು ಕೇಳಬಹುದು. ಕದಲದೆ ನಿಂತ ಕಬ್ಬಿಣದ ಮೇಲೆ ಬಿಗಿಯಾಗಿ ಕೂತ ತುಕ್ಕಿನ ಪದರ ಮುಂದಿನ ತುಕ್ಕನ್ನು ನಿಧಾನಗೊಳಿಸಬಲ್ಲದು. ಕ್ರಾಸಿನಲ್ಲಿ ಆ ಪದರ ಕೂರಲು ಬಿಡುವೇ ಸಿಗುವುದಿಲ್ಲ, ಪ್ರತಿ ತೂಗಾಟವೂ ಅದನ್ನು ಕೆರೆದು ಹೊಸ ಲೋಹವನ್ನು ಬಯಲಿಗೆ ತರುತ್ತದೆ.

ನಾನು ಕೂತಿದ್ದ ಜಂಬಿಟ್ಟಿಗೆಯ ಬಣ್ಣವೂ ಅದೇ ಆಕ್ಸೈಡಿನದು. ಮಲೆನಾಡಿನ ಮಳೆ ಲಕ್ಷಾಂತರ ವರ್ಷ ಬಂಡೆಯೊಳಗೆ ಇಳಿದು ಸುಣ್ಣ, ಸೋಡಿಯಂ, ಮೆಗ್ನೀಸಿಯಂಗಳನ್ನೂ ಸಿಲಿಕಾದ ಬಹುಪಾಲನ್ನೂ ತೊಳೆದು ಸಮುದ್ರಕ್ಕೆ ಒಯ್ದಿದೆ. ನೀರಿಗೆ ಸುಲಭಕ್ಕೆ ಕರಗದ ಕಬ್ಬಿಣ, ಅಲ್ಯುಮಿನಿಯಂ ಆಕ್ಸೈಡುಗಳು ಉಳಿದಿವೆ. ನೆಲದಡಿ ಮೆತ್ತಗಿದ್ದು ಕಡಿಯಲು ಸುಲಭವಾದ ಈ ಕಲ್ಲು ಗಾಳಿ ಬಿಸಿಲಿಗೆ ಗಟ್ಟಿಯಾಗುವುದನ್ನು ಮಲಬಾರಿನಲ್ಲಿ ಕಂಡ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಅದಕ್ಕೆ ಇಟ್ಟಿಗೆಯ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ನಮ್ಮವರ ಜಂಬಿಟ್ಟಿಗೆಯಲ್ಲೂ ಇಟ್ಟಿಗೆಯಿದೆ.

ಶಾಫ್ಟನ್ನು ಹಿಂದಿನ ಸೀಟಿಗೆ ಕಟ್ಟಿದೆ. ನನ್ನ ಜೀಪಿನಲ್ಲಿ ಜಾರುವ ಹಲ್ಲುಗಳು ಶಾಫ್ಟಿನ ನಡುವೆಯೇ ಇವೆ. ಅವು ಗೇರ್ ಬಾಕ್ಸಿನೊಳಗೆ ತೂರಿಕೊಂಡಿರುವ ಗಾಡಿಗಳಲ್ಲಿ ಶಾಫ್ಟ್ ಕಿತ್ತರೆ ಎಣ್ಣೆಯೂ ಸುರಿದುಹೋಗುತ್ತದೆ. ಫೋರ್ ವೀಲ್ ಹಾಕಿದ ಜೀಪು ಈಗ ಬರೀ ಮುಂದಿನ ಚಕ್ರಗಳ ಗಾಡಿಯಾಗಿತ್ತು. ಮೆಲ್ಲಗೆ ಹಿಂದಕ್ಕೆ ಇಳಿಸಿ, ಹಳ್ಳದ ಸಮತಟ್ಟಿನಲ್ಲಿ ಮುಖ ತಿರುಗಿಸಿ, ಆಚೆ ದಂಡೆಯ ಏರಿಗೆ ನುಗ್ಗಿಸಿದರೆ ಎರಡು ಸಲವೂ ಚಕ್ರಗಳು ಇದ್ದಲ್ಲೇ ಸುತ್ತಿದವು. ಅಲ್ಲೇ ಕಲ್ಲಿನ ಮೇಲೆ ಇದ್ದಿಲಿನಿಂದ ಲೆಕ್ಕ ಹಾಕಿದೆ. ಏರು ಸುಮಾರು 15 ಡಿಗ್ರಿ. ಸಮನೆಲದಲ್ಲಿ ಎರಡೂ ಅಚ್ಚುಗಳಿಗೆ ಅರ್ಧರ್ಧ ತೂಕ, ಅಚ್ಚುಗಳ ಅಂತರ 2.3 ಮೀಟರ್, ಗುರುತ್ವಕೇಂದ್ರ ನೆಲದಿಂದ 0.7 ಮೀಟರ್ ಎತ್ತರ ಎಂದುಕೊಂಡರೆ, ಏರಿನಲ್ಲಿ ತೂಕದ ಶೇ 8ರಷ್ಟು ಕೆಳಗಿನ ಅಚ್ಚಿಗೆ ಜರುಗುತ್ತದೆ. ಇಳಿಜಾರಿನಲ್ಲಿ ನೆಲವನ್ನು ಒತ್ತುವ ಭಾರವೇ ಒಟ್ಟು ತೂಕಕ್ಕಿಂತ ಸ್ವಲ್ಪ ಕಡಿಮೆ, ಹಾಗಾಗಿ ಮುಂದಕ್ಕೆ ಹತ್ತುವಾಗ ಎಳೆಯುವ ಚಕ್ರಗಳ ಮೇಲೆ ಉಳಿಯುವುದು ಶೇ 40. ಅಷ್ಟರಲ್ಲೇ ಹತ್ತಬೇಕಾದರೆ ನೆಲದ ಹಿಡಿತವನ್ನು ಅಳೆಯುವ ಘರ್ಷಣೆಯ ಗುಣಾಂಕ 0.64 ಇರಬೇಕು. ಹಿಂದುಮುಂದಾಗಿ ಹತ್ತಿದರೆ ಅದೇ ಚಕ್ರಗಳ ಮೇಲೆ ಶೇ 56 ತೂಕ ಕೂರುತ್ತದೆ, 0.46 ಸಾಕು. ಸಡಿಲ ಜಲ್ಲಿಯ ಮೇಲೆ ಈ ಎರಡು ಅಂಕಿಗಳ ನಡುವಿನ ಅಂತರವೇ ಹತ್ತುವುದಕ್ಕೂ ಹತ್ತದಿರುವುದಕ್ಕೂ ಇರುವ ಅಂತರ. ಮತ್ತೆ ಮುಖ ತಿರುಗಿಸಿ, ಕುತ್ತಿಗೆ ಹಿಂದಕ್ಕೆ ಹೊರಳಿಸಿ, ರಿವರ್ಸಿನಲ್ಲಿ ಒಂದೇ ಉಸಿರಿಗೆ ಹತ್ತಿಸಿದೆ.

ಮೊದಲೇ ಸೂಚನೆ ಸಿಗಲಿಲ್ಲವೇ? ಸಿಕ್ಕಿತ್ತು. ವಾರದಿಂದ ನಡಿಗೆಯ ವೇಗದಲ್ಲಿ ಹೋಗುವಾಗ ಗಾಡಿಯ ಅಡಿಯಿಂದ ಹಕ್ಕಿ ಮರಿಯ ಕೂಗಿನಂತೆ 'ಚಿಕ್ ಚಿಕ್' ಕೇಳುತ್ತಿತ್ತು, ಚಕ್ರದ್ದಿರಬೇಕು ಎಂದುಕೊಂಡಿದ್ದೆ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಜೀಪಿನ ಚಕ್ರ ಒಂದು ಸುತ್ತಿಗೆ ಒಂದೂವರೆ ಸೆಕೆಂಡ್ ತೆಗೆದುಕೊಳ್ಳುತ್ತದೆ. ಶಾಫ್ಟಿನ ತಿರುಗುವಿಕೆಯನ್ನು ಅಚ್ಚಿಗೆ ದಾಟಿಸುವ ಕ್ರೌನ್ ಪಿನಿಯನ್ನಿನ ಅನುಪಾತ ಐದಕ್ಕಿಂತ ಹೆಚ್ಚಿರುವುದರಿಂದ ಶಾಫ್ಟ್ ಅದೇ ಹೊತ್ತಿನಲ್ಲಿ ಐದು ಸುತ್ತು ಮುಗಿಸಿರುತ್ತದೆ. ಚಕ್ರದ ಸದ್ದಾಗಿದ್ದರೆ ಅಷ್ಟು ಬೇಗಬೇಗ ಬರುತ್ತಿರಲಿಲ್ಲ. ಎಣಿಸಿದ್ದರೆ ತಿಳಿಯುತ್ತಿತ್ತು.

ನಗರ ಎಂಬ ಊರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಕ್ರಾಸನ್ನು ಕೈಯಲ್ಲಿ ಹೊರಳಿಸಿ ನೋಡಿ, "ಇದು ಇವತ್ತಿಂದಲ್ಲ ಮಾರಾಯ್ರೆ, ಮಳೆಗಾಲದಲ್ಲೇ ಹೋಗಿ ಆಗಿದೆ" ಎಂದರು. ನಾನು ಕೇಳದಿದ್ದರೂ ಮುಂದಿನ ಶಾಫ್ಟಿನ ಕೆಳಗೆ ಕೂತು ಅದನ್ನು ಹಿಡಿದು ಅಲುಗಿಸಿ, ಒಂದು ಲಾಕ್ ತೆಗೆದು ಕಪ್ಪನ್ನು ತಟ್ಟಿ ಹೊರಗೆ ಬೀಳಿಸಿದರು. ಸೂಜಿಗಳು ಎಲ್ಲವೂ ಇದ್ದವು, ಆದರೆ ಅವುಗಳ ಬುಡದಲ್ಲಿ ಅದೇ ಕೆಂಪು ಪುಡಿ ಕಟ್ಟತೊಡಗಿತ್ತು. ರಿವರ್ಸಿನಲ್ಲಿ ಆ ಏರನ್ನು ಹತ್ತಿಸಿದ್ದು ಈ ಶಾಫ್ಟು. ಎರಡು ಕ್ರಾಸ್ ತರಲು ಹುಡುಗನನ್ನು ಹೊಸನಗರಕ್ಕೆ ಕಳಿಸಿದೆವು.