ಕಂಕುಳ ಗಂಟಿನ ಬಯಾಪ್ಸಿ: ವಾರ್ಡಿನಿಂದ ಒಂದು ಅಧ್ಯಯನ ಟಿಪ್ಪಣಿ

"ಸಿಸ್ಟರ್, ಒಂದಕ್ಕೆ ಹೋದ್ರೆ ಹಸ್ರು ಬರ್ತೈತೆ. ನಂಗೇನೋ ಆಗೋಗೈತೆ ಕಣವ್ವ."

ಪೋಸ್ಟಿಂಗ್‌ನ ಎರಡನೇ ದಿನ ಸಂಜೆ ತುಮಕೂರು ಕಡೆಯ ಒಬ್ಬ ಅಮ್ಮ ಬಾತ್‌ರೂಮಿನ ಬಾಗಿಲು ಹಿಡಿದು ನಿಂತು ಹೀಗೆ ಹೇಳಿದರು. ಬೆಳಿಗ್ಗೆಯಷ್ಟೇ ಅವರ ಸ್ತನದ ಕ್ಯಾನ್ಸರ್ ಗಡ್ಡೆ ತೆಗೆದು, ಕಂಕುಳಿನ ಲಿಂಫ್ ನೋಡ್ (ಲಿಂಫ್ ಅನ್ನುವ ತಿಳಿ ದ್ರವ ಹಾದುಹೋಗುವ ಪುಟ್ಟ ಗಂಟು) ಬಯಾಪ್ಸಿ, ಅಂದರೆ ತೆಗೆದು ಪರೀಕ್ಷೆಗೆ ಕಳಿಸುವುದು, ಮಾಡಿದ್ದರು. ಹಸಿರು ಯಾಕೆ ಅಂತ ನನಗೂ ಗೊತ್ತಿರಲಿಲ್ಲ. ಓಡಿಹೋಗಿ ಸ್ಟಾಫ್ ನರ್ಸ್‌ಗೆ ಹೇಳಿದೆ. ಅವರು ಚಾರ್ಟ್‌ನಿಂದ ತಲೆಯೂ ಎತ್ತಲಿಲ್ಲ. "ಮೆಥಿಲೀನ್ ಬ್ಲೂ ಕಣೇ, ಬಯಾಪ್ಸಿಗೆ ಚುಚ್ಚೋ ನೀಲಿ ಬಣ್ಣ. ನಾಳೆ ನಾಡಿದ್ದು ಸರಿಹೋಗುತ್ತೆ. ಮೊದಲೇ ಹೇಳ್ಬೇಕಿತ್ತು." ಹೇಳಬೇಕಿದ್ದವಳು ನಾನು. ಆ ಅಮ್ಮನನ್ನು ಓಟಿಗೆ (ಆಪರೇಷನ್ ಕೋಣೆಗೆ) ತಯಾರು ಮಾಡಿ ಕಳಿಸಿದ್ದು ನಾನೇ ಅಲ್ವಾ!

ಮುಂದಿನ ವಾರ ಪೋಸ್ಟಿಂಗ್‌ಗೆ ಹೋಗುವ ನಿಮಗೆ ಹೀಗಾಗದಿರಲಿ ಅಂತ ಈ ಟಿಪ್ಪಣಿ. ಯಾರಿಗೆ ಯಾವ ಆಪರೇಷನ್ ಅನ್ನುವುದು ಡಾಕ್ಟರ್ ತೀರ್ಮಾನ, ನರ್ಸಿಂಗ್ ವಿದ್ಯಾರ್ಥಿಗಳದ್ದಲ್ಲ. ಆದರೆ ಯಾಕೆ ಅನ್ನುವುದು ನಮಗೆ ಗೊತ್ತಿರಲೇಬೇಕು. ರೋಗಿ ಡಾಕ್ಟರ್ ಹತ್ತಿರ ಕೇಳದೆ ಬಿಟ್ಟ ಪ್ರಶ್ನೆಗಳೆಲ್ಲ ಕೊನೆಗೆ ನಮ್ಮ ಹತ್ತಿರ ಬರುತ್ತವೆ.

ಕೆರೆ, ಕೋಡಿ, ಕಂಕುಳು

ಒಂದು ಕಂಕುಳಲ್ಲಿ ಸುಮಾರು 20ರಿಂದ 30 ನೋಡ್ ಇರುತ್ತವೆ. ಹೆಚ್ಚಿನವು ಅವರೆಕಾಳಿನಷ್ಟು ಅಥವಾ ಅದಕ್ಕಿಂತ ಚಿಕ್ಕವು, ಕೊಬ್ಬಿನೊಳಗೆ ಹುದುಗಿರುತ್ತವೆ. ಎದೆಯ ಪೆಕ್ಟೊರಾಲಿಸ್ ಮೈನರ್ ಸ್ನಾಯುವಿನ ಹೊರಬದಿಯವು ಲೆವೆಲ್ 1, ಅದರ ಹಿಂದಿನವು ಲೆವೆಲ್ 2, ಒಳಬದಿಯವು ಲೆವೆಲ್ 3. ಸ್ತನದಿಂದ ಹೊರಡುವ ಲಿಂಫ್ ಮುಕ್ಕಾಲು ಪಾಲು ಬಂದು ಸೇರುವುದು ಇಲ್ಲಿಗೇ. ಹಾಗಾಗಿ ಕ್ಯಾನ್ಸರ್ ಹೊರಗೆ ಹೊರಟಿದೆಯಾ ಅಂತ ನೋಡಲು ಮೊದಲು ಕಂಕುಳನ್ನೇ ಹುಡುಕುತ್ತಾರೆ.

ಹಿಂದೆ ಅನುಮಾನ ಇರಲಿ ಬಿಡಲಿ, ಲೆವೆಲ್ 1 ಮತ್ತು 2ರ ನೋಡ್‌ಗಳನ್ನೆಲ್ಲ ತೆಗೆದುಬಿಡುತ್ತಿದ್ದರು. ಇದೇ ಆಕ್ಸಿಲರಿ ಡಿಸೆಕ್ಷನ್. ಕೈ ಊತ, ಭುಜ ಬಿಗಿತ ಜಾಸ್ತಿ ಬರುವುದು ಇದರಿಂದ. ಆಮೇಲೆ ಎಷ್ಟೋ ಜನರ ರಿಪೋರ್ಟ್‌ನಲ್ಲಿ ಒಂದು ನೋಡ್‌ನಲ್ಲೂ ಕ್ಯಾನ್ಸರ್ ಇಲ್ಲ ಅಂತ ಬರುತ್ತಿತ್ತು. ಸುಮ್ನೆ ತೆಗೆದಂತಾಯಿತು.

ಸೆಂಟಿನೆಲ್ ನೋಡ್ ಅನ್ನುವ ಯೋಚನೆ ಬಂದದ್ದು ಈ ಜಾಗಕ್ಕೆ. ನನಗೆ ಇದು ತಲೆಗೆ ಹೋದದ್ದು ಕೆರೆಯ ಲೆಕ್ಕದಲ್ಲಿ. ಬಯಲುಸೀಮೆಯಲ್ಲಿ ಕೆರೆಗಳು ಸರಪಳಿಯ ಹಾಗೆ ಇರುತ್ತವೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದ ಮೇಲೆ ಕೆಳಗಿನ ಕೆರೆಗೆ ನೀರು. ಕೆಂಪು ಮಣ್ಣು ಕೊಚ್ಚಿಕೊಂಡು ಬಂದರೆ ಮೊದಲು ಕೂರುವುದು ಮೇಲಿನ ಕೆರೆಯಲ್ಲಿ. ಅಲ್ಲಿ ಮಣ್ಣಿಲ್ಲ ಅಂದರೆ ಕೆಳಗಿನದರಲ್ಲೂ ಇಲ್ಲ ಅಂತ ಬಹುಮಟ್ಟಿಗೆ ನಂಬಬಹುದು. ಹಾಗೆಯೇ ಸ್ತನದ ಲಿಂಫ್ ಮೊದಲು ಮುಟ್ಟುವ ಕೆಲವೇ ನೋಡ್ ತೆಗೆದು ನೋಡಿದರೆ ಸಾಕು. ಅವೇ ಸೆಂಟಿನೆಲ್, ಅಂದರೆ ಕಾವಲು ನೋಡ್. ಅವನ್ನು ಗುರುತಿಸಲು ಸ್ತನಕ್ಕೆ ನೀಲಿ ಬಣ್ಣ ಚುಚ್ಚುತ್ತಾರೆ, ಅದು ಲಿಂಫ್ ಜೊತೆ ಹರಿದು ಹೋಗಿ ಅವು ನೀಲಿಯಾಗುತ್ತವೆ. ಸಾಮಾನ್ಯವಾಗಿ ಒಂದರಿಂದ ನಾಲ್ಕು ನೋಡ್ ತೆಗೆಯುತ್ತಾರೆ.

ಈ ಹೋಲಿಕೆ ಕೈಕೊಡುವ ಜಾಗವೂ ಇದೆ. ಅದನ್ನೇ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳುತ್ತಾರೆ. ಕೆರೆಯಲ್ಲಿ ಹೂಳು ತುಂಬಿಹೋಗಿದ್ದರೆ ನೀರು ಅಲ್ಲಿಗೆ ಹೋಗದೆ ಪಕ್ಕದಲ್ಲಿ ದಾರಿ ಮಾಡಿಕೊಳ್ಳುತ್ತದೆ. ನೋಡ್ ತುಂಬಾ ಕ್ಯಾನ್ಸರ್ ಇದ್ದರೂ ಹಾಗೆಯೇ, ಬಣ್ಣ ಅದರೊಳಗೆ ಇಳಿಯುವುದಿಲ್ಲ. ಅದಕ್ಕೇ ಸರ್ಜನ್ ನೀಲಿ ನೋಡ್ ತೆಗೆದ ಮೇಲೂ ಬೆರಳಿಟ್ಟು ತಡಕುತ್ತಾರೆ. ಗಟ್ಟಿಯಾಗಿ ಸಿಕ್ಕಿದ್ದು ನೀಲಿ ಇಲ್ಲದಿದ್ದರೂ ಸೆಂಟಿನೆಲ್ ನೋಡ್ ಅಂತಲೇ ತೆಗೆಯುತ್ತಾರೆ.

ಇತಿಹಾಸ ಎರಡು ಸಾಲಿನಲ್ಲಿ: ಮೆಲನೋಮಾದಲ್ಲಿ (ಒಂದು ಬಗೆಯ ಚರ್ಮದ ಕ್ಯಾನ್ಸರ್) ನೀಲಿ ಬಣ್ಣದ ಈ ವಿಧಾನವನ್ನು ಡೊನಾಲ್ಡ್ ಮಾರ್ಟನ್ ತಂಡ 1992ರಲ್ಲಿ ಪ್ರಕಟಿಸಿತು. ಸ್ತನ ಕ್ಯಾನ್ಸರ್‌ಗೆ 1993ರಲ್ಲಿ ಡೇವಿಡ್ ಕ್ರಾಗ್ ವಿಕಿರಣ ದ್ರವ ಬಳಸಿದರು, 1994ರಲ್ಲಿ ಅರ್ಮಾಂಡೊ ಜುಲಿಯಾನೊ ನೀಲಿ ಬಣ್ಣ ಬಳಸಿದರು. ನೆನಪಿಡಬೇಕಾದ ಅಧ್ಯಯನ ಒಂದಿದ್ದರೆ ಅದು ಬಿ-32. 5,611 ಮಹಿಳೆಯರ ಈ ಅಧ್ಯಯನದ ಫಲಿತಾಂಶ 2010ರಲ್ಲಿ ಬಂತು. ಸೆಂಟಿನೆಲ್ ನೋಡ್ ಶುದ್ಧವಾಗಿದ್ದರೆ ಉಳಿದದ್ದನ್ನು ಬಿಟ್ಟರೂ ಬದುಕುಳಿಯುವವರ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ. ಕ್ಯಾನ್ಸರ್ ಇದ್ದೂ ತಪ್ಪಿಹೋಗುವ ಪ್ರಮಾಣ ಅದರಲ್ಲಿ 9.8% ಇತ್ತು.

ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಇನ್ನೊಂದು ದಾರಿ ತೋರಿಸಿದ್ದಾರೆ, ಲೋ ಆಕ್ಸಿಲರಿ ಸ್ಯಾಂಪ್ಲಿಂಗ್. ವಿಕಿರಣ ದ್ರವ, ಅದನ್ನು ಹುಡುಕುವ ಗಾಮಾ ಪ್ರೋಬ್ ಎಲ್ಲ ಊರಲ್ಲೂ ಎಲ್ಲಿ ಸಿಗಬೇಕು? ಇಂಟರ್‌ಕಾಸ್ಟೊಬ್ರೇಕಿಯಲ್ ನರವನ್ನು (ಕಂಕುಳು ಹಾದು ತೋಳಿನ ಒಳಬದಿಗೆ ಹೋಗುವ ನರ) ಗಡಿ ಅಂತ ಇಟ್ಟುಕೊಂಡು, ಅದರ ಕೆಳಗಿನ ಕೊಬ್ಬು ಮತ್ತು ನೋಡ್ ಮಾತ್ರ ತೆಗೆಯುತ್ತಾರೆ. ನಮ್ಮ ಪಠ್ಯಪುಸ್ತಕದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಇರಬೇಕಿತ್ತು.

ಎಲ್ಲರಿಗೂ ಸೆಂಟಿನೆಲ್ ಬಯಾಪ್ಸಿ ಅಲ್ಲ ಅನ್ನುವುದನ್ನೂ ಸೇರಿಸಿಕೊಳ್ಳಿ. ಕಂಕುಳಲ್ಲಿ ಗಂಟು ಕೈಗೆ ಸಿಗುತ್ತಿದ್ದರೆ, ಅಥವಾ ಅಲ್ಟ್ರಾಸೌಂಡ್‌ನಲ್ಲಿ ಅನುಮಾನ ಬಂದರೆ, ಮೊದಲು ಸೂಜಿ ಹಾಕಿಯೇ ಪರೀಕ್ಷೆ. ಅದಕ್ಕೆ ಉಪವಾಸ ಬೇಡ, ಅಡ್ಮಿಷನ್ ಬೇಡ. ಸ್ವಲ್ಪ ಹೊತ್ತು ಒತ್ತಿ ಹಿಡಿದು, ಬ್ಯಾಂಡೇಜ್ ಹಾಕಿ ಮನೆಗೆ ಕಳಿಸುತ್ತಾರೆ. ಒಂದೆರಡು ದಿನ ನೋವು, ಸ್ವಲ್ಪ ನೀಲಿಗಟ್ಟಿದ ಗುರುತು, ಅಷ್ಟೇ.

ಹಿಂದಿನ ದಿನ ಮತ್ತು ಆ ಬೆಳಿಗ್ಗೆ

ನಮ್ಮ ಕೆಲಸ ಶುರುವಾಗುವುದು ಇಲ್ಲಿ. ಮೊದಲು ಮಾತ್ರೆಗಳ ಚೀಲ ಬಿಚ್ಚಿಸಿ ನೋಡಿ. "ಏನಾದ್ರೂ ಮಾತ್ರೆ ತಗೋತೀರಾ" ಅಂತ ಕೇಳಿದರೆ ಹತ್ತರಲ್ಲಿ ಎಂಟು ಜನ ಇಲ್ಲ ಅನ್ನುತ್ತಾರೆ. ಬಿಪಿ ಮಾತ್ರೆ ಅವರ ಲೆಕ್ಕದಲ್ಲಿ ಮಾತ್ರೆಯೇ ಅಲ್ಲ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಮಾತ್ರೆ, ನಾಟಿ ಔಷಧಿ ಎಲ್ಲ ಬರೆದುಕೊಂಡು ಅರಿವಳಿಕೆ ಡಾಕ್ಟರ್‌ಗೆ ತೋರಿಸಿ. ಯಾವುದು ನಿಲ್ಲಿಸಬೇಕು, ಎಷ್ಟು ದಿನ ಮುಂಚೆ ಅನ್ನುವುದು ಅವರು ಹೇಳಲಿ.

ಮೆಥಿಲೀನ್ ಬ್ಲೂ ಬಳಸುವುದಿದ್ದರೆ ಮೂರು ಪ್ರಶ್ನೆ ಜಾಸ್ತಿ. ಗರ್ಭಿಣಿಯಾ? ಜಿ6ಪಿಡಿ (ಕೆಂಪು ರಕ್ತಕಣ ಕಾಪಾಡುವ ಕಿಣ್ವ) ಕೊರತೆ ಇದೆಯಾ? ಫ್ಲುಯಾಕ್ಸೆಟಿನ್, ಎಸಿಟಾಲೊಪ್ರಾಮ್ ತರಹದ ಖಿನ್ನತೆಯ ಮಾತ್ರೆ ನಡೆಯುತ್ತಿದೆಯಾ? ಕೊನೆಯದನ್ನು ಗಂಡ, ಅತ್ತೆ ಪಕ್ಕದಲ್ಲಿದ್ದಾಗ ಕೇಳಬೇಡಿ. ನಿಜ ಹೇಳುವುದಿಲ್ಲ.

ಉಪವಾಸ: ಗಟ್ಟಿ ಆಹಾರ 6 ಗಂಟೆ ಮುಂಚೆ ನಿಲ್ಲಬೇಕು, ನೀರು 2 ಗಂಟೆ ಮುಂಚೆ. ಹಾಲು ಹಾಕಿದ ಕಾಫಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಬಿಡಿಸಿ ಹೇಳಿ. "ಏನೂ ತಿಂದಿಲ್ಲ ಸಿಸ್ಟರ್, ಬರೀ ಕಾಫಿ" ಅನ್ನುವವರು ದಿನಕ್ಕೊಬ್ಬರು ಸಿಗುತ್ತಾರೆ. ಕಂಕುಳಿನ ಕೂದಲನ್ನು ಮನೆಯಲ್ಲಿ ಬ್ಲೇಡ್‌ನಿಂದ ತೆಗೆಯಬಾರದು. ಗೀರಾದರೆ ಸೋಂಕು. ಪೌಡರ್, ಡಿಯೋಡರೆಂಟ್ ಬೇಡ.

ಬಳೆ ಮತ್ತು ತಾಳಿ. ಪುಸ್ತಕದಲ್ಲಿ ಒಂದೇ ಮಾತು, ಒಡವೆ ತೆಗೆಸಿ. ವಾರ್ಡಿನಲ್ಲಿ ಅದು ಅರ್ಧ ಗಂಟೆಯ ಕೆಲಸ. ಮುಂಗೈಗೆ ಬಿಗಿಯಾದ ಗಾಜಿನ ಬಳೆ, ಸೋಪು ಹಚ್ಚಿದರೂ ಬರುವುದಿಲ್ಲ, ಒಡೆಯುವುದಂತೂ ಅಪಶಕುನ. ನಮ್ಮ ಸ್ಟಾಫ್ ನರ್ಸ್ ಕೈಗೆ ಪ್ಲಾಸ್ಟಿಕ್ ಕವರ್ ಹಾಕಿ, ಬೆರಳುಗಳನ್ನು ಒತ್ತಿ ಒಂದೊಂದೇ ಬಳೆ ಜಾರಿಸುತ್ತಿದ್ದರು. ತಾಳಿ ಬಿಚ್ಚಿಸಿ ಅತ್ತೆಯ ಕೈಗೇ ಕೊಡಿಸುತ್ತಿದ್ದರು. ಆಮೇಲೆ ಯಾರೂ ಮಾತಾಡುತ್ತಿರಲಿಲ್ಲ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವಾಗ ಒಂದು ಮಾತು ರೋಗಿಗೆ ಅರ್ಥವಾಗಿದೆಯಾ ಅಂತ ನೋಡಿ. ಆಪರೇಷನ್ ನಡೆಯುವಾಗಲೇ ನೋಡ್ ಅನ್ನು ಫ್ರೋಜನ್ ಸೆಕ್ಷನ್‌ಗೆ (ಹೆಪ್ಪುಗಟ್ಟಿಸಿ ಕೂಡಲೇ ನೋಡುವ ಪರೀಕ್ಷೆಗೆ) ಕಳಿಸಿದರೆ, ಅಲ್ಲಿ ಕ್ಯಾನ್ಸರ್ ಕಂಡರೆ, ಎಚ್ಚರವಾಗುವ ಹೊತ್ತಿಗೆ ಉಳಿದ ನೋಡ್‌ಗಳನ್ನೂ ತೆಗೆದಿರಬಹುದು. ಇದು ಗೊತ್ತಿಲ್ಲದೆ ಮಲಗಿದವರಿಗೆ ಎದ್ದ ಮೇಲೆ ಮೋಸವಾದ ಹಾಗೆ ಅನಿಸುತ್ತದೆ.

ಡ್ರಿಪ್ ಸೂಜಿ ಮತ್ತು ಬಿಪಿ ಪಟ್ಟಿ ಇನ್ನೊಂದು ಕೈಗೆ. ಇನ್ನು ಹಸಿರು ಮೂತ್ರದ ವಿಷಯ: ಒಂದೆರಡು ದಿನ ನೀಲಿ ಅಥವಾ ಹಸಿರು ಬರುತ್ತದೆ, ಸ್ತನದ ಚರ್ಮದ ಮೇಲಿನ ನೀಲಿ ಕಲೆ ವಾರಗಟ್ಟಲೆ ಇರಬಹುದು. ಎರಡನ್ನೂ ಮೊದಲೇ ಹೇಳಿ.

ಓಟಿಯಲ್ಲಿ

ವಿಕಿರಣ ದ್ರವ ಅಂದರೆ ಟೆಕ್ನೀಷಿಯಂ-99ಎಂ. ಆಪರೇಷನ್‌ಗೆ ಕೆಲವು ಗಂಟೆ ಮುಂಚೆ ಅಥವಾ ಹಿಂದಿನ ದಿನ ಕೊಡುತ್ತಾರೆ. 6 ಗಂಟೆಗೊಮ್ಮೆ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ. ಗಾಮಾ ಪ್ರೋಬ್ ಹಿಡಿದಾಗ ಸದ್ದು ಜೋರಾದ ಕಡೆ ನೋಡ್ ಇರುತ್ತದೆ. ನೀಲಿ ಬಣ್ಣವನ್ನು ಅರಿವಳಿಕೆ ಕೊಟ್ಟ ಮೇಲೆ ಮೊಲೆತೊಟ್ಟಿನ ಸುತ್ತ ಚುಚ್ಚಿ, ಸುಮಾರು 5 ನಿಮಿಷ ನೀವುತ್ತಾರೆ. ಎರಡನ್ನೂ ಬಳಸಿದರೆ ನೋಡ್ ತಪ್ಪಿಹೋಗುವುದು ಕಡಿಮೆ.

ನಾನು ಬೆಚ್ಚಿಬಿದ್ದದ್ದು ಬಣ್ಣ ಚುಚ್ಚಿ ಸ್ವಲ್ಪ ಹೊತ್ತಿಗೆ ಮಾನಿಟರ್‌ನಲ್ಲಿ ಆಕ್ಸಿಜನ್ 99ರಿಂದ 93ಕ್ಕೆ ಇಳಿದಾಗ. ಅರಿವಳಿಕೆ ಡಾಕ್ಟರ್ ಉಸಿರಾಟ, ಬಿಪಿ ನೋಡಿ ಸುಮ್ಮನಿದ್ದರು. ರಕ್ತಕ್ಕೆ ಸೇರಿದ ನೀಲಿ ಬಣ್ಣ ಪಲ್ಸ್ ಆಕ್ಸಿಮೀಟರ್‌ನ ಬೆಳಕನ್ನು ಹೀರುತ್ತದೆ. ಆಗ ಮಷೀನ್ ಕಡಿಮೆ ಅಂಕಿ ತೋರಿಸುತ್ತದೆ, ನಿಜವಾದ ಆಕ್ಸಿಜನ್ ಇಳಿದಿರುವುದಿಲ್ಲ. ಹಾಗಂತ ಯಾವಾಗಲೂ ಇದೇ ಅಂದುಕೊಳ್ಳುವ ಹಾಗಿಲ್ಲ. ಐಸೊಸಲ್ಫಾನ್ ಬ್ಲೂ ತರಹದ ಬಣ್ಣಗಳಿಗೆ ನೂರರಲ್ಲಿ ಒಬ್ಬರಿಗೆ ಅಲರ್ಜಿ ಆಗಬಹುದು. ಬಿಪಿ ಕುಸಿದಿದೆಯಾ, ಮೈ ಮೇಲೆ ದದ್ದು ಎದ್ದಿದೆಯಾ ಅಂತ ನೋಡಿದ ಮೇಲೆಯೇ ಬಣ್ಣದ ಆಟ ಅನ್ನಬೇಕು.

ಎದ್ದ ಮೇಲೆ

ವಾರ್ಡಿನ ಹೆಂಗಸರು ತಾವೇ ಒಂದು ಪರೀಕ್ಷೆ ಕಂಡುಕೊಂಡಿದ್ದಾರೆ. ಎಚ್ಚರವಾದ ತಕ್ಷಣ ಪಕ್ಕೆಗೆ ಕೈ ಹಾಕಿ ಡ್ರೈನ್ ಬಾಟಲಿ (ಗಾಯದ ನೀರು ಕೊಳವೆಯಲ್ಲಿ ಹೊರಗೆಳೆಯುವಂಥದ್ದು) ಇದೆಯಾ ಅಂತ ತಡಕುತ್ತಾರೆ. ಬಾಟಲಿ ಇದ್ದರೆ "ಹರಡಿದೆ" ಅಂತ ಅರ್ಥ, ಪಕ್ಕದ ಬೆಡ್‌ನವರು ಹೇಳಿಕೊಟ್ಟಿರುತ್ತಾರೆ. ಇದು ಅರ್ಧ ಸತ್ಯ. ಬರೀ ಸೆಂಟಿನೆಲ್ ಬಯಾಪ್ಸಿಗೆ ಸಾಮಾನ್ಯವಾಗಿ ಡ್ರೈನ್ ಹಾಕುವುದಿಲ್ಲ, ಡಿಸೆಕ್ಷನ್ ಆದರೆ ಹಾಕುತ್ತಾರೆ, ಅದು ಸರಿ. ಆದರೆ ಪೂರ್ತಿ ಸ್ತನ ತೆಗೆದವರಿಗೆ ನೋಡ್ ಶುದ್ಧವಾಗಿದ್ದರೂ ಡ್ರೈನ್ ಇರುತ್ತದೆ. ಬಾಟಲಿ ನೋಡಿ ಅಳುತ್ತಿದ್ದ ಒಬ್ಬರಿಗೆ ಇಷ್ಟು ಹೇಳಿದ್ದಕ್ಕೆ ಆ ರಾತ್ರಿ ನಿದ್ದೆ ಬಂತು.

ಡ್ರೈನ್ ಇದ್ದರೆ ದಿನಾ ಒಂದೇ ಹೊತ್ತಿಗೆ ಅಳೆಯಿರಿ. ಕೆಂಪಾಗಿದ್ದದ್ದು ತಿಳಿಗೆಂಪಾಗಿ, ಆಮೇಲೆ ನಿಂಬೆ ಶರಬತ್ತಿನ ಬಣ್ಣಕ್ಕೆ ತಿರುಗುತ್ತದೆ. 24 ಗಂಟೆಗೆ 30 ಮಿ.ಲೀ.ಗಿಂತ ಕಡಿಮೆಯಾದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಖಾಲಿ ಮಾಡಿದ ಮೇಲೆ ಬಾಟಲಿಯನ್ನು ಒತ್ತಿ ಮುಚ್ಚಬೇಕು, ಇಲ್ಲದಿದ್ದರೆ ಎಳೆಯುವುದೇ ಇಲ್ಲ. ಡ್ರೈನ್ ತೆಗೆದ ಮೇಲೆ ಕಂಕುಳಲ್ಲಿ ನೀರು ತುಂಬಿದ ಹಾಗೆ ಉಬ್ಬಿದರೆ ಅದು ಸೆರೋಮಾ. ಚಿಕ್ಕದು ತಾನಾಗಿ ಇಂಗುತ್ತದೆ, ದೊಡ್ಡದಾದರೆ ಸೂಜಿಯಲ್ಲಿ ತೆಗೆಯುತ್ತಾರೆ. ಜ್ವರ 38 ಡಿಗ್ರಿ ದಾಟಿದರೆ, ಗಾಯ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಉಸಿರು ಕಟ್ಟಿದರೆ ಕಾಯಬಾರದು. ಕೂಡಲೇ ಬರಬೇಕು ಅಂತ ಡಿಸ್ಚಾರ್ಜ್ ಹೊತ್ತಲ್ಲಿ ಮನೆಯವರಿಗೂ ಹೇಳಿ.

ತೋಳಿನ ಒಳಬದಿ ಜೋಮು ಹಿಡಿದ ಹಾಗಿದೆ, ಬ್ಲೌಸ್ ತಾಗಿದರೆ ಚುರುಚುರು ಅನ್ನುತ್ತದೆ ಅಂತ ಹೇಳುವವರು ತುಂಬಾ. ಅದೇ ಇಂಟರ್‌ಕಾಸ್ಟೊಬ್ರೇಕಿಯಲ್ ನರದ ಕೆಲಸ. ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ. ಒಂದೆರಡು ವಾರದ ಮೇಲೆ ಕೈ ಎತ್ತಿದಾಗ ಕಂಕುಳಿಂದ ಮೊಣಕೈವರೆಗೆ ದಾರ ಎಳೆದು ಕಟ್ಟಿದ ಹಾಗೆ ಚರ್ಮದಡಿ ಕಂಡರೆ ಹೆದರಬೇಡಿ. ಅದು ಕಾರ್ಡಿಂಗ್. ಫಿಸಿಯೊಥೆರಪಿಯಲ್ಲಿ ಹೆಚ್ಚಿನವರಿಗೆ ಬಿಡುತ್ತದೆ.

ಕೈ ಆಡಿಸುವುದು ಮಾರನೇ ದಿನದಿಂದಲೇ. ಮುಷ್ಟಿ ಕಟ್ಟಿ ಬಿಡುವುದು, ಮೊಣಕೈ ಮಡಚುವುದು, ತಲೆ ಬಾಚಿಕೊಳ್ಳುವುದು. ಡಿಸೆಕ್ಷನ್ ಆದವರು ಡ್ರೈನ್ ಇರುವವರೆಗೆ ಭುಜದ ಮಟ್ಟಕ್ಕಿಂತ ಮೇಲೆ ಎತ್ತುವುದು ಬೇಡ. ಆಮೇಲೆ ಗೋಡೆಯ ಮೇಲೆ ಬೆರಳು ನಡೆಸುತ್ತಾ ಹೋಗಿ, ಮುಟ್ಟಿದ ಜಾಗಕ್ಕೆ ಪೆನ್ಸಿಲ್ ಗೆರೆ ಎಳೆದರೆ ದಿನದಿನದ ಏರಿಕೆ ಅವರಿಗೇ ಕಾಣುತ್ತದೆ.

ಆ ಹಸಿರಿನ ಅಮ್ಮ ಕೇಳಿದ್ದು ಬೇರೆ. "ಮುದ್ದೆ ಯಾವಾಗ ತಿರುವ್ಲಿ?" ಮನೆಯಲ್ಲಿ ಏಳು ಜನ. ದೊಡ್ಡ ಮುದ್ದೆ ತಿರುವಲು ತೋಳು, ಭುಜ, ಕಂಕುಳು ಮೂರೂ ಬೇಕು. ಫಿಸಿಯೊ ಹೇಳಿದ್ದು: ಎರಡು ವಾರ ಮುದ್ದೆ ಕೋಲು, ಬಿಂದಿಗೆ, ಒದ್ದೆ ಸೀರೆ ಹಿಂಡುವುದು ಬೇಡ. ಆಮೇಲೆ ಇಬ್ಬರ ಮುದ್ದೆ, ಮುಂದಿನ ವಾರ ನಾಲ್ವರದ್ದು. ಜನ್ಮಪೂರ್ತಿ ಭಾರ ಎತ್ತಬಾರದು ಅನ್ನುವುದು ಹಳೆಯ ಮಾತು. ನಿಧಾನಕ್ಕೆ ಭಾರ ಹೆಚ್ಚಿಸುತ್ತಾ ಹೋದರೆ ಕೈ ಊತ ಹೆಚ್ಚಾಗುವುದಿಲ್ಲ ಅಂತ 2009ರಲ್ಲೇ ಒಂದು ಅಧ್ಯಯನ ತೋರಿಸಿದೆ.

ರಿಪೋರ್ಟ್ ಓದುವುದು

ಪೂರ್ತಿ ರಿಪೋರ್ಟ್‌ಗೆ ಒಂದು ವಾರವೋ ಹತ್ತು ದಿನವೋ ಬೇಕು. ಕ್ಯಾನ್ಸರ್ ಕೋಶಗಳ ಗುಂಪು 0.2 ಮಿ.ಮೀ. ಒಳಗಿದ್ದರೆ ಬಿಡಿ ಕೋಶಗಳು, ಅದನ್ನು ನೋಡ್ ನೆಗೆಟಿವ್ ಅಂತಲೇ ಎಣಿಸುತ್ತಾರೆ. 2 ಮಿ.ಮೀ.ವರೆಗೆ ಮೈಕ್ರೊಮೆಟಾಸ್ಟಾಸಿಸ್ (ಸೂಕ್ಷ್ಮ ಹರಡುವಿಕೆ), ಅದರ ಮೇಲೆ ಮ್ಯಾಕ್ರೊ. ಪಾಸಿಟಿವ್ ಬಂದ ಕೂಡಲೇ ಮತ್ತೆ ಆಪರೇಷನ್ ಅಂತಲ್ಲ. ಚಿಕ್ಕ ಗಡ್ಡೆ, ಸ್ತನ ಉಳಿಸಿ ರೇಡಿಯೇಷನ್ ಕೊಡುವವರು, ಒಂದೋ ಎರಡೋ ನೋಡ್ ಮಾತ್ರ ಪಾಸಿಟಿವ್: ಇಂಥವರಲ್ಲಿ ಉಳಿದ ನೋಡ್ ಬಿಡಬಹುದು ಅಂತ 2011ರಲ್ಲಿ ಜೆಡ್0011 ಅಧ್ಯಯನ ತೋರಿಸಿತು.

ಕೈ ಊತ ಸೆಂಟಿನೆಲ್ ಬಯಾಪ್ಸಿ ಆದವರಲ್ಲಿ ನೂರಕ್ಕೆ ಸುಮಾರು 6 ಜನಕ್ಕೆ, ಡಿಸೆಕ್ಷನ್ ಆದವರಲ್ಲಿ ಸುಮಾರು 20 ಜನಕ್ಕೆ. ವರ್ಷಗಳ ಮೇಲೂ ಬರಬಹುದು. ಕೈಗೆ ಗಾಯವಾದರೆ ತೊಳೆದು ಮುಲಾಮು ಹಚ್ಚಬೇಕು, ಬಳೆ ಬಿಗಿಯಾಯಿತು ಅನಿಸಿದರೆ ಬಂದು ತೋರಿಸಬೇಕು. ಎರಡು ಕೈಗಳ ಸುತ್ತಳತೆಯಲ್ಲಿ 2 ಸೆಂ.ಮೀ. ವ್ಯತ್ಯಾಸ ಬಂದರೆ ಊತ ಅಂತ ಹೆಚ್ಚಿನ ಕಡೆ ಲೆಕ್ಕ. ಆದರೆ ಬಲಗೈ ಹುಟ್ಟಿನಿಂದಲೇ ಸ್ವಲ್ಪ ದಪ್ಪ ಇದ್ದಿದ್ದರೆ? ಅದಕ್ಕೇ ಆಪರೇಷನ್‌ಗೆ ಮುಂಚೆಯೇ ಮೊಣಕೈಯಿಂದ 10 ಸೆಂ.ಮೀ. ಮೇಲೆ, 10 ಸೆಂ.ಮೀ. ಕೆಳಗೆ ಎರಡೂ ಕೈ ಅಳೆದು ಫೈಲಿನಲ್ಲಿ ಬರೆದಿಡಬೇಕು. ಟೇಪ್ ನಿಮ್ಮದೇ ಒಂದು ತಗೊಂಡು ಹೋಗಿ. ವಾರ್ಡಿನಲ್ಲಿ ಇರುವುದು ಒಂದೇ, ಅದೂ ಯಾವಾಗ ನೋಡಿದರೂ ಮಕ್ಕಳ ವಾರ್ಡಿಗೆ ಹೋಗಿರುತ್ತದೆ.